ಬ್ರಯಾನ್ ಮೇ ಗಿಟಾರ್ ನಾದ ಸಿಗುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಬ್ರಯಾನ್ ಮೇ ಅವರ ಗಿಟಾರ್ ದನಿಯನ್ನು ಎರಡು ಸ್ವರದಲ್ಲೇ ಗುರುತು ಹಿಡಿಯಬಹುದು. ಒರಟಾಗಿರುತ್ತದೆ, ಆದರೆ ಕಿವಿಗೆ ಚುಚ್ಚುವುದಿಲ್ಲ. ಒಂದೇ ಸ್ವರ ಎಷ್ಟೋ ಹೊತ್ತು ನಿಲ್ಲುತ್ತದೆ, ಆದರೆ ಪಕ್ಕದ ಸ್ವರದ ಜೊತೆ ಕಲಸಿಹೋಗುವುದಿಲ್ಲ. ಹಾಡುಗಾರರ ಗಂಟಲಿನ ಹಾಗೆ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ.

ಇದನ್ನು ಮನೆಯಲ್ಲಿ ಪಡೆಯಲು ಹೊರಟವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ಬರೀ ಗೊರಗೊರ ಅನ್ನುತ್ತೆ." "ಸಣಕಲಾಗಿದೆ, ಮೈಯೇ ಇಲ್ಲ." "ವಾಲ್ಯೂಮ್ ಏರಿಸಿದರೆ ಕೀರಲು ಶಬ್ದ." ಇಂಥ ದೂರು ಬಂದ ತಕ್ಷಣ ಬಹಳ ಮಂದಿ ಮಾಡುವ ಕೆಲಸ ಇನ್ನೊಂದು ಪೆಡಲ್ (ಕಾಲಿನಿಂದ ಒತ್ತಿ ದನಿ ಬದಲಿಸುವ ಪೆಟ್ಟಿಗೆ) ಕೊಳ್ಳುವುದು. ದೋಷ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಈ ನಾದದ ಒರಟುತನ ಹುಟ್ಟುವುದು ವಾಲ್ಯೂಮ್ ಪೂರ್ತಿ ತೆರೆದಿಟ್ಟ ಆಂಪ್‌ನಲ್ಲಿ (ಆಂಪ್ಲಿಫೈಯರ್‌ನಲ್ಲಿ). ಅದನ್ನು ಹದ್ದುಬಸ್ತಿನಲ್ಲಿಡುವುದು ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿ ಮತ್ತು ಬೆರಳು. ಈ ಎರಡರ ನಡುವೆ ಅಡ್ಡ ಬರುವುದೆಲ್ಲ ನನ್ನ ಲೆಕ್ಕದಲ್ಲಿ ಸಂಶಯಾಸ್ಪದ. ಅಲ್ಲಿಂದಲೇ ಹುಡುಕಲು ಶುರುಮಾಡೋಣ.

ಸರಿಯಾಗಿರುವ ಸರಣಿ ಹೇಗಿರುತ್ತದೆ

ಮೇ ಅವರ ಗಿಟಾರಿನ ಹೆಸರು ರೆಡ್ ಸ್ಪೆಷಲ್. 1963ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗ, ಎಲೆಕ್ಟ್ರಾನಿಕ್ಸ್ ಬಲ್ಲ ತಂದೆ ಹೆರಾಲ್ಡ್ ಜೊತೆ ಸೇರಿ ಮನೆಯಲ್ಲೇ ಇದನ್ನು ಕಟ್ಟಲು ಶುರುಮಾಡಿದರು. ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮಹಾಗನಿ ಮರ, ಒಡಲಿಗೆ ಹಳೆಯ ಮೇಜಿನ ಓಕ್ ಮರ, ಫ್ರೆಟ್ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಒಡಲಿನೊಳಗೆ ಬೇಕೆಂದೇ ಟೊಳ್ಳು ಬಿಟ್ಟರು, ಆಂಪ್ ಎದುರು ನಿಂತಾಗ ತಂತಿ ತಾನಾಗಿ ದನಿಗೂಡಲಿ ಎಂದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳು ಮೂರು, ಬರ್ನ್ಸ್ ಕಂಪನಿಯ ಟ್ರೈ-ಸಾನಿಕ್. ಪ್ರತಿಯೊಂದಕ್ಕೂ ಎರಡು ಸ್ವಿಚ್: ಒಂದು ಆನ್-ಆಫ್‌ಗೆ, ಇನ್ನೊಂದು ಫೇಸ್ ತಿರುಗಿಸಲು, ಅಂದರೆ ಆ ಪಿಕಪ್‌ನ ಸಂಕೇತ ಉಲ್ಟಾ ಮಾಡಲು. ಮೂರೂ ಸೀರೀಸ್‌ನಲ್ಲಿ, ಒಂದರ ಹಿಂದೊಂದಾಗಿ ಜೋಡಣೆಯಾಗಿವೆ. ಎಲ್ಲಕ್ಕೂ ಸೇರಿ ಒಂದೇ ವಾಲ್ಯೂಮ್, ಒಂದೇ ಟೋನ್.

ಗಿಟಾರಿನಿಂದ ಹೊರಟ ಸದ್ದು ಟ್ರೆಬಲ್ ಬೂಸ್ಟರ್ ಎಂಬ, ಮೇಲಿನ ದನಿ ಏರಿಸುವ ಪುಟ್ಟ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ವಾಕ್ಸ್ ಎಸಿ30 ಆಂಪ್‌ನ ನಾರ್ಮಲ್ ಚಾನೆಲ್‌ಗೆ. ಆಂಪ್ ವಾಲ್ಯೂಮ್ ಪೂರ್ತಿ. ಈ ಜೋಡಿಯನ್ನು ಮೇ ಕಂಡುಕೊಂಡದ್ದು ಐರಿಶ್ ಗಿಟಾರ್ ವಾದಕ ರೋರಿ ಗ್ಯಾಲಗರ್ ಅವರಿಂದ. ಕಾರ್ಯಕ್ರಮ ಮುಗಿದ ಮೇಲೆ ಹೋಗಿ, ಈ ದನಿ ಹೇಗೆ ಬರುತ್ತದೆ ಎಂದು ಕೇಳಿದರು. ಎಸಿ30 ಮತ್ತು ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಪುಟ್ಟ ಬೂಸ್ಟರ್ ಅಂತ ಗ್ಯಾಲಗರ್ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಮೂಲ ಸರಣಿ ಇಷ್ಟೇ. ಇದರಲ್ಲಿ ದನಿ ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಎಂಬುದೇ ಇಲ್ಲ ಎನ್ನುವುದನ್ನು ಗಮನಿಸಿ.

ಮೊದಲ ಪರೀಕ್ಷೆ: ವಾಲ್ಯೂಮ್ ಗುಂಡಿ

ಎಲ್ಲ ಪೆಡಲ್ ಬಿಚ್ಚಿಡಿ. ಗಿಟಾರ್, ಬೂಸ್ಟರ್, ಆಂಪ್, ನಡುವೆ ಎರಡು ಕೇಬಲ್. ಇಷ್ಟೇ ಇರಲಿ. ನಿಮ್ಮಲ್ಲಿರುವುದು ಆಂಪ್ ಬದಲು ಮಾಡೆಲರ್ (ಆಂಪ್, ಪೆಡಲ್‌ಗಳ ದನಿಯನ್ನು ಡಿಜಿಟಲ್ ಆಗಿ ಅನುಕರಿಸುವ ಸಾಧನ) ಆಗಿದ್ದರೂ ಅದರೊಳಗೆ ಇದೇ ಸರಣಿ ಕಟ್ಟಿ. ಈಗ ಒಂದೊಂದೇ ಬದಲಾವಣೆ ಮಾಡುತ್ತಾ ಕೇಳಬೇಕು. ಒಟ್ಟಿಗೆ ಎರಡು ಗುಂಡಿ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದೇ ಇಲ್ಲ.

ಆಂಪ್ ವಾಲ್ಯೂಮ್ ಪೂರ್ತಿ ಏರಿಸಿ. ಗಿಟಾರ್ ವಾಲ್ಯೂಮ್ 10ರಲ್ಲಿಟ್ಟು ಒಂದು ಸ್ವರ ಮೀಟಿ. ಅದು ಹಾಡಬೇಕು, ನಿಲ್ಲಬೇಕು. ಈಗ 6 ಅಥವಾ 7ಕ್ಕೆ ಇಳಿಸಿ ಇಡೀ ಕಾರ್ಡ್ (ಒಟ್ಟಿಗೆ ಹಲವು ಸ್ವರ) ಬಾರಿಸಿ. ಒರಟಾಗಿರಬೇಕು, ಆದರೆ ಆರೂ ತಂತಿ ಬೇರೆಬೇರೆಯಾಗಿ ಕೇಳಬೇಕು. 3ಕ್ಕೆ ಇಳಿಸಿ. ಹೆಚ್ಚುಕಡಿಮೆ ಸ್ವಚ್ಛ ದನಿ ಬರಬೇಕು.

ಮೂರೂ ಬಂದರೆ ನಿಮ್ಮ ಸರಣಿಗೆ ಆರೋಗ್ಯ ಇದೆ. ಮುಂದಿನ ದೋಷ ಏನಿದ್ದರೂ ಕೈಯಲ್ಲಿದೆ ಅಥವಾ ಸ್ವಿಚ್‌ನಲ್ಲಿದೆ. 3ಕ್ಕೆ ಇಳಿಸಿದರೂ ಗೊರಗೊರ ಹೋಗದಿದ್ದರೆ ದಾರಿಯಲ್ಲಿ ಎಲ್ಲೋ ಗೇನ್ (ಸಂಕೇತ ಹಿಗ್ಗಿಸುವ ಮಟ್ಟ) ಜಾಸ್ತಿಯಾಗಿದೆ. ಒರಟುತನ ಹೋಯಿತು, ಆದರೆ ದನಿ ಕಂಬಳಿ ಹೊದಿಸಿದಂತೆ ಮಂಕಾಯಿತು ಎಂದರೆ ಗಿಟಾರಿನೊಳಗಿನ ವೈರಿಂಗ್ ಅಥವಾ ಉದ್ದ ಕೇಬಲ್ ನೋಡಬೇಕು.

ಈ ಒಂದು ಪರೀಕ್ಷೆಯೇ ಅರ್ಧ ದೋಷಗಳನ್ನು ಹಿಡಿದುಕೊಡುತ್ತದೆ. ಮೇ ನುಡಿಸುವಾಗ ಅವರ ಬಲಗೈ ಕಿರುಬೆರಳ ಕಡೆ ಕಣ್ಣಿಡಿ. ಹಾಡುಗಾರರ ಸಾಲು ಬಂದಾಗ ವಾಲ್ಯೂಮ್ ಇಳಿಯುತ್ತದೆ, ಸಾಲು ಮುಗಿದಾಗ ಏರುತ್ತದೆ. ಚಾನೆಲ್ ಬದಲಿಸಲು ಕಾಲು ಬೇಕಾಗುವುದಿಲ್ಲ.

ದೂರು: ಗೊರಗೊರ ಅನ್ನುತ್ತೆ, ಕಾರ್ಡ್ ಕಲಸಿಹೋಗುತ್ತೆ

ಮೊದಲು ಚಾನೆಲ್ ನೋಡಿ. ಎಸಿ30 ಎಂದರೆ ಮೇಲಿನ ದನಿ ಎತ್ತುವ ಟಾಪ್ ಬೂಸ್ಟ್ ಚಾನೆಲ್ ಎಂದೇ ಹಲವರ ನಂಬಿಕೆ. ಮಾಡೆಲರ್‌ಗಳಲ್ಲೂ ಎಸಿ30 ಎಂದು ಮೊದಲು ಸಿಗುವುದು ಸಾಮಾನ್ಯವಾಗಿ ಅದೇ. ಅದರ ಮುಂದೆ ಟ್ರೆಬಲ್ ಬೂಸ್ಟರ್ ಇಟ್ಟರೆ ಮೇಲಿನ ದನಿ ಎರಡು ಸಲ ಏರುತ್ತದೆ, ಕಿವಿ ಕೊರೆಯುತ್ತದೆ. ನಮಗೆ ಬೇಕಿರುವುದು ನಾರ್ಮಲ್ ಚಾನೆಲ್. ಹಳೆಯ ಎಸಿ30ಯ ಈ ಚಾನೆಲ್‌ನಲ್ಲಿ ತಿರುಗಿಸಲು ವಾಲ್ಯೂಮ್ ಬಿಟ್ಟರೆ ಹೆಚ್ಚೇನೂ ಇಲ್ಲ. ಅದು ತಾನಾಗಿ ಸ್ವಲ್ಪ ಮಂಕು. ಮಂಕು ಆಂಪ್, ಚುರುಕು ಬೂಸ್ಟರ್, ಎರಡೂ ಸೇರಿದಾಗ ಹದ ಬರುತ್ತದೆ.

ಬೂಸ್ಟರ್ ಏನು ಮಾಡುತ್ತದೆ ಎಂಬುದೂ ಗೊತ್ತಿರಲಿ. ಅದು ಮೇಲಿನ ದನಿಯನ್ನು ಏರಿಸುತ್ತದೆ, ಜೊತೆಗೆ ಕೆಳಗಿನ ದಪ್ಪ ದನಿಯನ್ನು ಆಂಪ್‌ಗೆ ಕಡಿಮೆ ಕಳಿಸುತ್ತದೆ. ಎರಡನೆಯದೇ ಮುಖ್ಯ. ದಪ್ಪ ದನಿ ಪೂರ್ತಿ ಬಂದರೆ ತೆರೆದಿಟ್ಟ ಎಸಿ30 ಅದನ್ನು ತಡೆದುಕೊಳ್ಳುವುದಿಲ್ಲ, ಉಬ್ಬಸಪಡುತ್ತದೆ. ಬೂಸ್ಟರ್ ತೆಗೆದು ಅದರ ಜಾಗಕ್ಕೆ ಸಾಮಾನ್ಯ ಓವರ್‌ಡ್ರೈವ್ ಪೆಡಲ್ ಹಾಕಿದವರಿಗೆ ಕಾರ್ಡ್ ಕಲಸುವುದು ಹೆಚ್ಚಾಗಿ ಇದೇ ಕಾರಣಕ್ಕೆ, ಮತ್ತು ಪೆಡಲ್ ತನ್ನದೇ ಒರಟುತನ ಸೇರಿಸುವ ಕಾರಣಕ್ಕೆ. ಬೂಸ್ಟರ್ ಇಲ್ಲದಿದ್ದರೆ ಈಕ್ವಲೈಜರ್ ಪೆಡಲ್‌ನಲ್ಲಿ ಕೆಳಗಿನ ಪಟ್ಟಿಗಳನ್ನು ಇಳಿಸಿ, ನಡುವಿನಿಂದ ಮೇಲಕ್ಕೆ ಏರಿಸಿ, ಒಟ್ಟು ಮಟ್ಟ ಹೆಚ್ಚಿಸಿ. ಪೂರ್ತಿ ಅದೇ ಅಲ್ಲ, ಆದರೆ ಓವರ್‌ಡ್ರೈವ್‌ಗಿಂತ ಎಷ್ಟೋ ಹತ್ತಿರ.

ಇನ್ನು ಆಂಪ್. ಎಸಿ30ಯ ಕೊನೆಯ ಹಂತದಲ್ಲಿ ನಾಲ್ಕು ಇಎಲ್84 ವಾಲ್ವ್‌ಗಳಿವೆ (ಗಾಜಿನ ನಿರ್ವಾತ ಕೊಳವೆಗಳು). ಅಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ (ಹೊರಬರುವ ಸಂಕೇತದ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ಒರಟು ತಗ್ಗಿಸುವ ಏರ್ಪಾಡು) ಇಲ್ಲದ ಕಾರಣ ಸ್ವಚ್ಛ ದನಿಯಿಂದ ಒರಟಿಗೆ ಹೋಗುವ ದಾರಿ ನಯವಾಗಿರುತ್ತದೆ, ಗಡಿ ದಾಟಿದ್ದು ಥಟ್ಟನೆ ಗೊತ್ತಾಗುವುದಿಲ್ಲ. ಆದರೆ ಈ ಹಂತ ದುಡಿಯಬೇಕಾದರೆ ವಾಲ್ಯೂಮ್ ಜೋರಾಗಿಯೇ ಇರಬೇಕು. 30 ವ್ಯಾಟ್ ಎಂದರೆ ಸಣ್ಣದು ಅನ್ನಿಸಬಹುದು. ಅಪಾರ್ಟ್‌ಮೆಂಟಿನಲ್ಲಿ ಒಮ್ಮೆ ತೆರೆದರೆ ಇಡೀ ಮಹಡಿಗೆ ಕೇಳುತ್ತದೆ. ಮಾಸ್ಟರ್ ವಾಲ್ಯೂಮ್ ಇಳಿಸಿ ಪ್ರೀಆಂಪ್ (ಆಂಪ್‌ನ ಮೊದಲ ಹಂತದ) ಗೇನ್ ಏರಿಸಿದರೆ ಸಿಗುವ ಒರಟುತನ ಬೇರೆ ಜಾತಿಯದು, ಮರಳಿನಂತೆ ಚದುರಿದ್ದು. ಮನೆಯಲ್ಲಿ ನುಡಿಸುವವರು ಆಂಪ್ ಮತ್ತು ಸ್ಪೀಕರ್ ನಡುವೆ ಸದ್ದು ತಗ್ಗಿಸುವ ಅಟೆನ್ಯುಯೇಟರ್ ಹಾಕಲಿ ಅಥವಾ ಮಾಡೆಲರ್ ಬಳಸಿ ಹೆಡ್‌ಫೋನಿನಲ್ಲಿ ಕೇಳಲಿ. ಮಾಡೆಲರ್ ಬಗ್ಗೆ ಕೀಳರಿಮೆ ಬೇಡ, ಸರಣಿ ಸರಿಯಿದ್ದರೆ ಅದರಲ್ಲೂ ವಾಲ್ಯೂಮ್ ಪರೀಕ್ಷೆ ಪಾಸಾಗುತ್ತದೆ.

ಒಂದು ಎಚ್ಚರಿಕೆ. ವಾಲ್ವ್ ಆಂಪ್ ಒಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಅದರ ಹಿಂಬದಿ ಬಿಚ್ಚುವುದು ತಿಳಿದ ಮೆಕ್ಯಾನಿಕ್ ಕೆಲಸ. ಹೊರದೇಶದಿಂದ ತರಿಸಿದ ಆಂಪ್ ಆದರೆ ಅದು 120 ವೋಲ್ಟಿನದೋ 230 ವೋಲ್ಟಿನದೋ ಎಂದು ಪ್ಲಗ್ ಹಾಕುವ ಮೊದಲೇ ನೋಡಿ.

ದೂರು: ಸಣಕಲು ದನಿ, ಮೈಯೇ ಇಲ್ಲ

ರೆಡ್ ಸ್ಪೆಷಲ್ ಮಾದರಿಯ ಗಿಟಾರ್ ಕೊಂಡವರ ದೂರಿದು. ದೋಷ ಹತ್ತರಲ್ಲಿ ಎಂಟು ಪಾಲು ಸ್ವಿಚ್‌ನಲ್ಲಿರುತ್ತದೆ. ಆರು ಸ್ವಿಚ್‌ಗಳು ಒಂದೇ ಥರ ಕಾಣುತ್ತವೆ, ಕೈ ತಾಕಿ ಯಾವುದೋ ಒಂದು ತಿರುಗಿರುತ್ತದೆ.

ಎಲ್ಲ ಪಿಕಪ್ ಆಫ್ ಮಾಡಿ. ಬ್ರಿಡ್ಜ್ (ತಂತಿ ಒಡಲಿನ ಮೇಲೆ ಕೂರುವ ತುದಿ) ಪಕ್ಕದ ಪಿಕಪ್ ಮತ್ತು ನಡುವಿನ ಪಿಕಪ್ ಮಾತ್ರ ಆನ್ ಮಾಡಿ. ಮೇ ಅವರು ಹೆಚ್ಚು ಬಳಸುವ ಜೋಡಿ ಇದು. ಈಗ ನಡುವಿನದರ ಫೇಸ್ ಸ್ವಿಚ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿ ಕೇಳಿ. ಒಂದು ಕಡೆ ದನಿ ದುಂಡಗೆ ತುಂಬಿರುತ್ತದೆ, ಇನ್ನೊಂದು ಕಡೆ ಮೂಗಿನಲ್ಲಿ ಮಾತಾಡಿದಂತೆ ತೆಳುವಾಗಿರುತ್ತದೆ. ತುಂಬಿದ್ದೇ ಫೇಸ್ ಒಳಗಿರುವುದು. ಆ ಸ್ಥಾನ ಗುರುತಿಟ್ಟುಕೊಳ್ಳಿ.

ತೆಳು ದನಿ ಯಾಕೆ ಬರುತ್ತದೆ ಎಂದರೆ, ಫೇಸ್ ಹೊರಗಾದಾಗ ಎರಡು ಪಿಕಪ್‌ಗಳ ಕೆಳಗಿನ ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಮೇಲಿನ ಹಾರ್ಮಾನಿಕ್‌ಗಳು. ಸ್ವಚ್ಛ ಆಂಪ್‌ನಲ್ಲಿ ಇದು ಬಡಕಲು ಅನ್ನಿಸುತ್ತದೆ. ತೆರೆದಿಟ್ಟ ಆಂಪ್‌ಗೆ ಕೊಟ್ಟರೆ ಅದೇ ದನಿ ಚೀರುತ್ತದೆ, ಚೆನ್ನಾಗಿ ಚೀರುತ್ತದೆ! ಹಾಗಾಗಿ ಕುತ್ತಿಗೆ ಮತ್ತು ನಡುವಿನ ಪಿಕಪ್‌ಗಳ ಫೇಸ್ ಹೊರಗಿನ ಜೋಡಿಯನ್ನು ದೋಷ ಎಂದು ತಳ್ಳಿಹಾಕಬೇಡಿ. ಅದನ್ನು ವಾಲ್ಯೂಮ್ 10ರಲ್ಲಿ, ಎತ್ತರದ ಸ್ವರಗಳಲ್ಲಿ ಕೇಳಿ ನೋಡಿ. ಕಾರ್ಡ್‌ಗೆ ಮಾತ್ರ ಬಳಸಬೇಡಿ.

ನಿಮ್ಮದು ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿ) ಆಗಿದ್ದರೆ ಕಥೆ ಬೇರೆ. ಅದರಲ್ಲಿ ಎರಡು ಪಿಕಪ್ ಒಟ್ಟಿಗೆ ಆನ್ ಮಾಡಿದಾಗ ಅವು ಪ್ಯಾರಲಲ್‌ನಲ್ಲಿ ಸೇರುತ್ತವೆ. ದನಿ ಗಾಜಿನಂತೆ ತಿಳಿಯಾಗುತ್ತದೆ, ಮಟ್ಟ ಏರುವುದಿಲ್ಲ. ರೆಡ್ ಸ್ಪೆಷಲ್‌ನ ಸೀರೀಸ್ ಜೋಡಣೆಯಲ್ಲಿ ಎರಡರ ಮಟ್ಟವೂ ಕೂಡುತ್ತದೆ, ನಡುವಿನ ದನಿ ದಪ್ಪವಾಗುತ್ತದೆ, ಆಂಪ್ ಬೇಗ ಕಾವೇರುತ್ತದೆ. ಸ್ಟ್ರ್ಯಾಟ್‌ನ ಸ್ವಿಚ್ ಎರಡನೇ ಸ್ಥಾನದಲ್ಲಿಟ್ಟು (ಬ್ರಿಡ್ಜ್ ಮತ್ತು ನಡುವಿನ ಪಿಕಪ್) ಮೇ ದನಿ ಹುಡುಕುವವರಿಗೆ ಅದು ಸಿಗದೇ ಇರುವುದು ಇದಕ್ಕೇ. ಒಳ್ಳೆಯ ಗಿಟಾರ್ ಟೆಕ್ನಿಷಿಯನ್ ಒಬ್ಬರ ಹತ್ತಿರ ಒಂದು ಹೆಚ್ಚುವರಿ ಸ್ವಿಚ್ ಹಾಕಿಸಿ, ಬ್ರಿಡ್ಜ್ ಮತ್ತು ನಡುವಿನ ಪಿಕಪ್ ಸೀರೀಸ್ ಆಗುವಂತೆ ಮಾಡಿಸಬಹುದು. ಗಿಟಾರ್ ಕೊರೆಯದೆ, ಎಳೆದರೆ ಸ್ವಿಚ್ ಆಗುವ ಗುಂಡಿಯಲ್ಲೇ ಈ ಕೆಲಸ ಆಗುತ್ತದೆ. ಹಂಬಕರ್ ಇರುವ ಗಿಟಾರ್ ಆದರೆ ಅದರ ಎರಡು ಸುರುಳಿಗಳು ಹೇಗೂ ಸೀರೀಸ್‌ನಲ್ಲೇ ಇರುತ್ತವೆ, ಆದರೆ ಅಕ್ಕಪಕ್ಕದಲ್ಲಿರುವುದರಿಂದ ಬಣ್ಣ ಬೇರೆ. ಅಲ್ಲಿ ವಾಲ್ಯೂಮ್ 7ರ ಆಸುಪಾಸು ಇಟ್ಟು ಶುರುಮಾಡಿ.

ದೂರು: ಗುಂಯ್ ಶಬ್ದ, ಕೀರಲು ಶಬ್ದ

ಇವೆರಡೂ ಬೇರೆಬೇರೆ ರೋಗ. ಮೊದಲು ಗುಂಯ್ ಅನ್ನುವುದನ್ನು ನೋಡೋಣ.

ಫ್ಯಾನ್ ಆಫ್ ಮಾಡಿ. ನಿಜವಾಗಿಯೂ ಮೊದಲ ಹೆಜ್ಜೆ ಇದೇ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಮೊಬೈಲ್ ಚಾರ್ಜರ್, ಅಗ್ಗದ ಎಲ್ಇಡಿ ಬಲ್ಬ್ ಇವೆಲ್ಲ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ ಚರಚರ ಶಬ್ದ ತುಂಬುತ್ತವೆ, ಟ್ರೆಬಲ್ ಬೂಸ್ಟರ್ ಅದನ್ನು ಹತ್ತುಪಟ್ಟು ತೋರಿಸುತ್ತದೆ. ಆಮೇಲೆ ತಂತಿ ಮುಟ್ಟಿ ನೋಡಿ. ಮುಟ್ಟಿದಾಗ ಶಬ್ದ ಕಡಿಮೆಯಾದರೆ ಗಿಟಾರಿನ ಅರ್ಥ್ ವೈರ್ ಕೆಲಸ ಮಾಡುತ್ತಿದೆ. ಮುಟ್ಟಿದಾಗ ಜಾಸ್ತಿಯಾದರೆ ಒಳಗೆ ಎಲ್ಲೋ ಬೆಸುಗೆ ಬಿಟ್ಟಿದೆ ಅಥವಾ ತಿರುಗಮುರುಗವಾಗಿದೆ. ಮುಟ್ಟಿದಾಗ ಚುಮ್ಮೆಂದರೆ ಅಥವಾ ಮೈಕ್‌ಗೆ ತುಟಿ ತಾಕಿದಾಗ ಶಾಕ್ ಹೊಡೆದರೆ ತಕ್ಷಣ ನಿಲ್ಲಿಸಿ. ಗೋಡೆಯ ಸಾಕೆಟ್‌ನಲ್ಲೋ ಉಪಕರಣದಲ್ಲೋ ಅರ್ಥಿಂಗ್ ಕೆಟ್ಟಿದೆ ಎಂದರ್ಥ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆ ಕೋಣೆಯಲ್ಲಿ ನುಡಿಸಬೇಡಿ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ ಅಡಾಪ್ಟರ್ ಹಾಕುವ ಅಭ್ಯಾಸ ಇದ್ದರೆ ಇಂದೇ ಬಿಡಿ.

ಫೇಸ್ ಸ್ವಿಚ್ ತಿರುಗಿಸಿದಾಗ ಗುಂಯ್ ಏರುವುದು, ಇಳಿಯುವುದು ಆಗುತ್ತದೆಯೇ? ಹಾಗಾದರೆ ಗಾಬರಿ ಬೇಡ. ಈಗ ಬರುವ ಮಾದರಿಗಳಲ್ಲಿ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದು, ಉಲ್ಟಾ ಅಯಸ್ಕಾಂತದ್ದು ಇರುವುದುಂಟು. ಬ್ರಿಡ್ಜ್ ಪಿಕಪ್ ಜೊತೆ ಫೇಸ್ ಒಳಗಿದ್ದಾಗ ಗುಂಯ್ ಅಳಿಯುತ್ತದೆ, ಫೇಸ್ ಹೊರಗಾದಾಗ ಕೂಡುತ್ತದೆ. ಅದು ದೋಷವಲ್ಲ, ಜೋಡಣೆಯ ಗುಣ.

ಕೀರಲು ಶಬ್ದಕ್ಕೆ ಪರೀಕ್ಷೆ ಸರಳ. ಕೀರುತ್ತಿರುವಾಗ ಅಂಗೈಯಿಂದ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯಿರಿ. ಶಬ್ದ ನಿಂತರೆ ಅದು ತಂತಿಯ ಫೀಡ್‌ಬ್ಯಾಕ್, ಸಂಗೀತಕ್ಕೆ ಒದಗುವಂಥದ್ದು. ನೀವು ನಿಲ್ಲುವ ಜಾಗ, ಗಿಟಾರ್ ತಿರುಗಿಸುವ ಕೋನ ಬದಲಿಸಿ ಅದನ್ನು ಪಳಗಿಸಬಹುದು. ತಂತಿ ಹಿಡಿದರೂ ಕೀರಲು ನಿಲ್ಲದಿದ್ದರೆ ಪಿಕಪ್ ಸುರುಳಿಯೇ ನಡುಗುತ್ತಿದೆ. ಪಿಕಪ್ ಮೇಲೆ ಪೆನ್ನಿನ ತುದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಕ್ ಟಕ್ ಎಂದು ಜೋರಾಗಿ ಕೇಳಿದರೆ ಖಾತ್ರಿ. ಮೇ ಅವರಿಗೂ ಇದೇ ತೊಂದರೆ ಬಂದಿತ್ತು. ಟ್ರೈ-ಸಾನಿಕ್‌ಗಳಿಗೆ ಅರಾಲ್ಡೈಟ್ ಅಂಟು ತುಂಬಿ ಸುರುಳಿ ಅಲುಗದಂತೆ ಮಾಡಿದರು. ಅದೇ ಅರಾಲ್ಡೈಟ್ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ, ಆದರೆ ಒಮ್ಮೆ ಹಾಕಿದರೆ ಮತ್ತೆ ಬಿಚ್ಚಲಾಗದು. ಪಿಕಪ್ ಕೆಲಸ ತಿಳಿದವರ ಹತ್ತಿರ ಮೇಣದಲ್ಲಿ ಅದ್ದಿಸುವುದು ವಾಸಿ, ಮುಂದೆ ರಿಪೇರಿಗೂ ದಾರಿ ಉಳಿಯುತ್ತದೆ.

ಬೂಸ್ಟರ್ ಸಿಟ್ಟಾದಾಗ

ರೇಂಜ್‌ಮಾಸ್ಟರ್ ಬಗೆಯ ಬೂಸ್ಟರ್‌ಗಳಲ್ಲಿ ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುತ್ತದೆ. ಅದರಿಂದ ಬರುವ ದೋಷಗಳು ಹೆಚ್ಚಿನ ಬೇರೆ ಪೆಡಲ್‌ಗಳಲ್ಲಿ ಕಾಣುವುದಿಲ್ಲ.

ಮೊದಲನೆಯದು ವಿದ್ಯುತ್ತಿನದು. ಹಳೆಯ ವಿನ್ಯಾಸದ ಬೂಸ್ಟರ್‌ನಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯೇ ಅರ್ಥ್. ಉಳಿದ ಹೆಚ್ಚಿನ ಪೆಡಲ್‌ಗಳಲ್ಲಿ ನೆಗೆಟಿವ್ ಅರ್ಥ್. ಒಂದೇ ಅಡಾಪ್ಟರ್‌ನಿಂದ ಎರಡಕ್ಕೂ ಕವಲು ವೈರ್ ಕೊಟ್ಟರೆ ಅಡಾಪ್ಟರ್ ಶಾರ್ಟ್ ಆಗುತ್ತದೆ. ಎಲ್ಲ ಪೆಡಲ್ ಒಟ್ಟಿಗೆ ಸತ್ತಂತೆ ಕಾಣುವುದು ಇದಕ್ಕೇ. ಬೂಸ್ಟರ್‌ಗೆ 9 ವೋಲ್ಟಿನ ಬ್ಯಾಟರಿ ಪ್ರತ್ಯೇಕ ಕೊಡಿ. ವರ್ಷಕ್ಕೆ ಒಂದೆರಡು ಬ್ಯಾಟರಿ ಹೋದರೆ ಹೋಗಲಿ.

ಎರಡನೆಯದು ಜಾಗ. ಇದು ಗಿಟಾರಿನ ಪಿಕಪ್ ಜೊತೆ ನೇರ ಮಾತಾಡಬೇಕು. ಗಿಟಾರ್ ಮತ್ತು ಬೂಸ್ಟರ್ ನಡುವೆ ಟ್ಯೂನರ್, ವೈರ್‌ಲೆಸ್ ಅಥವಾ ಬಫರ್ (ಸಂಕೇತ ಬಲಪಡಿಸುವ ಸರ್ಕ್ಯೂಟ್) ಇರುವ ಯಾವುದೇ ಪೆಡಲ್ ಬಂದರೆ ದನಿ ಚುಚ್ಚಲು ಶುರುವಾಗುತ್ತದೆ, ಗಿಟಾರ್ ವಾಲ್ಯೂಮ್ ಇಳಿಸಿದರೂ ಸ್ವಚ್ಛವಾಗುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಪಾಸಾಗಿ, ಪೆಡಲ್‌ಬೋರ್ಡ್ ಜೋಡಿಸಿದ ಮೇಲೆ ಫೇಲಾದರೆ ಇದನ್ನೇ ನೋಡಿ.

ಮೂರನೆಯದು ಸೆಖೆ. ಬಿಸಿಯಾದಷ್ಟೂ ಜರ್ಮೇನಿಯಂ ಟ್ರಾನ್ಸಿಸ್ಟರ್ ಸೋರುತ್ತದೆ. ಡಿಸೆಂಬರ್‌ನಲ್ಲಿ ಚೆನ್ನಾಗಿದ್ದ ಬೂಸ್ಟರ್ ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಉಸಿರುಗಟ್ಟಿದಂತೆ ಕೇಳಿಸಬಹುದು. ನೆರಳಿಗೆ ತಂದು ತಣ್ಣಗಾಗಲು ಬಿಡಿ. ದನಿ ಮರಳಿದರೆ ಕಾರಣ ಅದೇ. ಬಯಲು ವೇದಿಕೆಯಲ್ಲಿ ನುಡಿಸುವವರಿಗೆ ಸಿಲಿಕಾನ್ ಟ್ರಾನ್ಸಿಸ್ಟರ್ ಇರುವ ಬೂಸ್ಟರ್ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ದನಿಯಲ್ಲಿ ಕಳೆದುಕೊಳ್ಳುವುದು ಅಲ್ಪ, ನೆಮ್ಮದಿ ಬಹಳ.

ದೂರು: ಎಲ್ಲ ಸರಿಯಿದೆ, ಆದರೂ ಅವರ ದನಿಯಲ್ಲ

ಈಗ ಕೈಗೆ ಬರೋಣ. ಮೇ ಪ್ಲಾಸ್ಟಿಕ್ ಪಿಕ್ ಬಳಸುವುದಿಲ್ಲ, ಬ್ರಿಟನ್ನಿನ ಹಳೆಯ ಆರು ಪೆನ್ಸ್ ನಾಣ್ಯ ಬಳಸುತ್ತಾರೆ. ನಾಣ್ಯ ಬಾಗುವುದಿಲ್ಲ. ಬಾಗುವ ಪಿಕ್‌ನಲ್ಲಿ ತಂತಿಯ ಪ್ರತಿಕ್ರಿಯೆ ಅರ್ಧ ಪಿಕ್‌ನಲ್ಲೇ ಕಳೆದುಹೋಗುತ್ತದೆ. ನಾಣ್ಯ ಹಿಡಿದಾಗ ಅದು ಪೂರ್ತಿ ಬೆರಳ ತುದಿಗೆ ತಲುಪುತ್ತದೆ. ಅಂಚಿನಲ್ಲಿ ಸಣ್ಣ ಹಲ್ಲುಗಳಿವೆ. ನಾಣ್ಯವನ್ನು ತಂತಿಗೆ ಸಮಾನಾಂತರವಾಗಿ ಹಿಡಿದರೆ ದನಿ ಮೆದು. ಸ್ವಲ್ಪ ಓರೆ ಮಾಡಿದರೆ ಹಲ್ಲುಗಳು ತಂತಿಯನ್ನು ಕೆರೆದು, ಸ್ವರದ ಮೊದಲಿಗೆ ಒಂದು ಸಣ್ಣ ಕರಕರ ಸೇರುತ್ತದೆ. ಆ ಕರಕರವೇ ಮಾತಿನ ವ್ಯಂಜನದಂತೆ ಕೇಳುವುದು.

ಇಲ್ಲಿ ಆರು ಪೆನ್ಸ್ ಸಿಗದಿದ್ದರೆ ತಾಮ್ರ-ನಿಕಲ್ ಮಿಶ್ರಲೋಹದ ನಮ್ಮ ಹಳೆಯ ನಾಲ್ಕಾಣೆ ಹುಡುಕಿ. ಅಳತೆ ಹೆಚ್ಚುಕಡಿಮೆ ಅಷ್ಟೇ, ಸುಮಾರು 19 ಮಿಲಿಮೀಟರ್. ಅಂಚಿನ ಮೇಲೆ ಉಗುರು ಎಳೆದಾಗ ಹಲ್ಲು ತಾಕಬೇಕು. ಘೇಂಡಾಮೃಗದ ಚಿತ್ರವಿರುವ ಸ್ಟೀಲ್ ನಾಲ್ಕಾಣೆ ಬೇಡ, ಆ ಲೋಹ ಗಡಸು, ತಂತಿ ಬೇಗ ಸವೆಯುತ್ತದೆ.

ನಾಣ್ಯವನ್ನು ಸಡಿಲವಾಗಿ ಹಿಡಿಯಿರಿ. ನಾಣ್ಯ ಹಿಡಿದವರಲ್ಲಿ ಕಾಣುವ ಸಾಮಾನ್ಯ ದೋಷ ಬಿಗಿ ಹಿಡಿತ. ದನಿ ಪಟಪಟ ಒಡೆಯುತ್ತದೆ, ಎರಡು ಹಾಡಿಗೆ ಮಣಿಕಟ್ಟು ನೋಯುತ್ತದೆ. ಆಂಪ್ ಅಷ್ಟು ಜೋರಾಗಿರುವಾಗ ಕೈ ಜೋರು ಮಾಡುವ ಅಗತ್ಯವೇ ಇಲ್ಲ. ಮೇ ತಂತಿ ಮುಟ್ಟುವುದು ಮೆತ್ತಗೆ. ಎಡಗೈಯೂ ಹಾಗೆಯೇ.

ತಂತಿ ದಪ್ಪ ಇದ್ದರೆ ಮೆತ್ತಗೆ ಮುಟ್ಟಿ ಏನೂ ಆಗದು. ಅವರ ಮೊದಲ ತಂತಿ 0.009 ಇಂಚಿನದು, ಗಿಟಾರಿನ ಸ್ಕೇಲ್ (ಕಂಪಿಸುವ ತಂತಿಯ ಉದ್ದ) 24 ಇಂಚು. ಸ್ಟ್ರ್ಯಾಟ್‌ನದು 25.5 ಇಂಚು. ಅದೇ ತಂತಿ, ಅದೇ ಶ್ರುತಿಯಲ್ಲಿ ಅವರ ಗಿಟಾರಿನ ಬಿಗಿ ಸುಮಾರು ಶೇ. 11ರಷ್ಟು ಕಡಿಮೆ. ಸ್ಟ್ರ್ಯಾಟ್‌ನಲ್ಲಿ ಆ ಅನುಭವ ಬೇಕಾದರೆ 0.0085 ಅಥವಾ 0.008 ಇಂಚಿನ ತಂತಿ ಹಾಕಿ ನೋಡಿ. ತೆಳು ತಂತಿಯಲ್ಲಿ ದನಿ ಸೊರಗುತ್ತದೆ ಎಂಬ ಮಾತನ್ನು ಈ ಶೈಲಿಯ ಮಟ್ಟಿಗೆ ನಂಬಬೇಡಿ. ಸ್ವರ ಎಳೆಯುವುದು, ನಡುಗಿಸುವುದು ಇಲ್ಲಿ ದನಿಯ ಅರ್ಧ ಭಾಗ. ಬಿಗಿ ತಂತಿಯಲ್ಲಿ ಅದೇ ಹೋಗಿಬಿಡುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಯಂತ್ರವೇ ಬೇಡ. ನೀವು ನುಡಿಸುವ ಸೋಲೋವನ್ನು ಬಾಯಲ್ಲಿ ಹಾಡಿ. ಒಂದೇ ಉಸಿರಲ್ಲಿ ಹಾಡಲಾಗದಷ್ಟು ಉದ್ದದ ಸಾಲು ಇದ್ದರೆ ಅಲ್ಲಿ ವಿರಾಮ ಬೇಕು. ಮೇ ಅವರ ಸೋಲೋಗಳು ಹಾಡಬಹುದಾದಂಥವು. ವೇಗವೇ ಮುಖ್ಯ ಎಂದು ಕಲಿತ ಕೈಗಳಿಗೆ ಈ ವಿರಾಮ ಕಷ್ಟ, ಆದರೆ ಬೂಸ್ಟರ್‌ಗಿಂತ ಮೊದಲು ಅಭ್ಯಾಸ ಮಾಡಬೇಕಾದ್ದು ಇದು.

ದೂರು: ಟ್ರೆಮೊಲೊ ಕಡ್ಡಿ ಬಳಸಿದರೆ ಶ್ರುತಿ ಹೋಗುತ್ತದೆ

ಕಡ್ಡಿ ಒತ್ತಿ ಸ್ವರ ಏರಿಳಿಸುವ ರೆಡ್ ಸ್ಪೆಷಲ್‌ನ ಟ್ರೆಮೊಲೊ ಚಾಕುವಿನ ಅಂಚಿನ ಮೇಲೆ ತೂಗುತ್ತದೆ. ತಂತಿಯ ಎಳೆತಕ್ಕೆ ಎದುರಾಗಿ ನಿಲ್ಲುವುದು ಹಳೆಯ ಪ್ಯಾಂಥರ್ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್‌ಗಳು. ಬ್ರಿಡ್ಜ್‌ನಲ್ಲಿ ತಂತಿ ಉರುಳೆಗಳ ಮೇಲೆ ಕೂರುತ್ತದೆ, ಇನ್ನೊಂದು ತುದಿಯಲ್ಲಿ ಜೀರೋ ಫ್ರೆಟ್ (ತಂತಿ ಕೂರುವ ಲೋಹದ ಪಟ್ಟಿ). ಹದಿಹರೆಯದ ಹುಡುಗ ಮತ್ತವನ ತಂದೆ ಸೇರಿ ತಂತಿ ಎಲ್ಲೂ ಸಿಕ್ಕಿಕೊಳ್ಳಬಾರದು ಎಂದು ಇಷ್ಟು ಯೋಚಿಸಿದ್ದರು! ನಿಮ್ಮ ಗಿಟಾರಿನಲ್ಲೂ ಹುಡುಕಬೇಕಾದ್ದು ಅದನ್ನೇ, ತಂತಿ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂಬುದನ್ನು.

ಕಡ್ಡಿ ಕೆಳಗೊತ್ತಿ ಬಿಟ್ಟ ಮೇಲೆ ಸ್ವರ ಏರಿದ್ದರೆ, ತಂತಿ ಎಳೆದು ಬಿಟ್ಟ ಮೇಲೆ ಸ್ವರ ಇಳಿದಿದ್ದರೆ, ದೋಷ ನಟ್‌ನಲ್ಲಿದೆ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾಯುವ ಗೀರುಗಳ ಪಟ್ಟಿಯಲ್ಲಿ. ಗೀರಿನಲ್ಲಿ ಪೆನ್ಸಿಲ್ ಸೀಸದ ಪುಡಿ ಹಚ್ಚಿ. ಸಾಲದಿದ್ದರೆ ಗೀರು ಅಗಲಿಸುವ ಕೆಲಸವನ್ನು ತಿಳಿದವರಿಗೆ ಕೊಡಿ. ಎರಡೂ ಸಲ ಯಾವ ಕ್ರಮವೂ ಇಲ್ಲದೆ ಶ್ರುತಿ ಅಲೆದಾಡಿದರೆ ಚಾಕು ಅಂಚು ಸವೆದಿದೆಯೇ, ಬ್ರಿಡ್ಜ್ ಉರುಳೆಗಳಲ್ಲಿ ಧೂಳು ಕೂತಿದೆಯೇ ನೋಡಿ.

ದೂರು: ಡಿಲೇ ಹಾಕಿದರೆ ಎಲ್ಲ ರಾಡಿ

ಬ್ರೈಟನ್ ರಾಕ್ ಹಾಡಿನ ವೇದಿಕೆಯ ಸೋಲೋ ಕೇಳಿದವರಿಗೆ ಗೊತ್ತು. ಒಬ್ಬರೇ ನುಡಿಸುತ್ತಾರೆ, ಮೂರು ಗಿಟಾರ್ ಕೇಳುತ್ತದೆ. ಮೊದಲ ಸಾಲು ಡಿಲೇಯಿಂದ (ದನಿಯನ್ನು ತಡವಾಗಿ ಮರುನುಡಿಸುವ ಸಾಧನ) ಮರಳಿ ಬರುವಾಗ ಅದರ ಮೇಲೆ ಹೊಂದುವ ಇನ್ನೊಂದು ಸಾಲು, ಅವೆರಡರ ಮೇಲೆ ಮೂರನೆಯದು. ಟೇಪ್ ಮೇಲೆ ಓಡುವ ಎಕೋಪ್ಲೆಕ್ಸ್ ಯಂತ್ರಗಳಿಂದ ಶುರುಮಾಡಿದ ಪದ್ಧತಿ ಇದು.

ಇದನ್ನು ಮಾಡಲು ಹೋಗಿ ರಾಡಿಯಾಗುವುದು ಯಾಕೆಂದರೆ, ಮೂರು ಸಾಲೂ ಒಂದೇ ಒರಟು ಆಂಪ್‌ಗೆ ಹೋಗುತ್ತವೆ. ಒರಟಾದ ಆಂಪ್‌ಗೆ ಎರಡು ಬೇರೆ ಸ್ವರ ಒಟ್ಟಿಗೆ ಕೊಟ್ಟರೆ ಅದು ಅವೆರಡನ್ನೂ ಗುಣಿಸಿದಂತೆ, ಯಾರೂ ನುಡಿಸದ ಸ್ವರಗಳನ್ನು ಹುಟ್ಟಿಸುತ್ತದೆ. ಮೇ ಪ್ರತಿ ಸಾಲಿಗೂ ಬೇರೆ ಆಂಪ್ ಇಟ್ಟರು. ನೇರ ದನಿ ಒಂದರಲ್ಲಿ, ಮೊದಲ ಮರುದನಿ ಇನ್ನೊಂದರಲ್ಲಿ, ಎರಡನೆಯದು ಮತ್ತೊಂದರಲ್ಲಿ. ಪ್ರತಿಯೊಂದೂ ತನ್ನಷ್ಟಕ್ಕೆ ಒರಟು, ಆದರೆ ಅವು ಸೇರುವುದು ಗಾಳಿಯಲ್ಲಿ.

ಮೂರು ಆಂಪ್ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಅಲ್ವಾ? ಮಾಡೆಲರ್‌ನಲ್ಲಿ ದಾರಿ ಇದೆ. ಡಿಲೇಯನ್ನು ಆಂಪ್ ಮತ್ತು ಕ್ಯಾಬಿನೆಟ್‌ನ ನಂತರ ಇಡಿ. ಆಗ ಒರಟಾದ ಮೇಲೆ ದನಿ ಮರಳುತ್ತದೆ, ಹೊಸ ಸ್ವರದ ಜೊತೆ ಕಲಸುವುದಿಲ್ಲ. ಮರುದನಿ ಒಂದೇ ಸಲ ಬರಲಿ, ಮಟ್ಟ ನೇರ ದನಿಯಷ್ಟೇ ಇರಲಿ. ಮೊದಲ ಡಿಲೇ ಸುಮಾರು 800 ಮಿಲಿಸೆಕೆಂಡ್, ಎರಡನೆಯದು ಅದರ ಎರಡರಷ್ಟು ಇಟ್ಟು ಶುರುಮಾಡಿ. ನೇರ ದನಿ ನಡುವೆ, ಮರುದನಿಗಳು ಎಡಕ್ಕೊಂದು ಬಲಕ್ಕೊಂದು. 800 ಮಿಲಿಸೆಕೆಂಡ್ ಎಂದರೆ ನಿಮಿಷಕ್ಕೆ 75 ತಾಳದ ಗತಿ. ಮೆಟ್ರೊನೋಮ್ ಅದಕ್ಕೇ ಇಟ್ಟು, ಮೊದಲು ನಾಲ್ಕೇ ಸ್ವರದ ಸಾಲುಗಳಲ್ಲಿ ಅಭ್ಯಾಸ ಮಾಡಿ.

ಸ್ಟುಡಿಯೋ ಪದರಗಳ ಕಥೆ ಬೇರೆ. ಅಲ್ಲಿ ಅವರು ಡಿಲೇ ನೆಚ್ಚಿಕೊಳ್ಳದೆ ಪ್ರತಿ ಸಾಲನ್ನೂ ಪ್ರತ್ಯೇಕ ನುಡಿಸಿ ಧ್ವನಿಮುದ್ರಿಸಿದರು. ಮನೆಯಲ್ಲಿ ಇದನ್ನು ಮಾಡುವವರ ದೂರು, ಆರು ಪದರ ಹಾಕಿದರೂ ಒಂದೇ ದಪ್ಪ ಗಿಟಾರ್ ಕೇಳುತ್ತೆ ಎನ್ನುವುದು. ಎಲ್ಲ ಪದರಕ್ಕೂ ಒಂದೇ ಪಿಕಪ್, ಒಂದೇ ಆಂಪ್ ಬಳಸಿದರೆ ಹಾಗೆಯೇ ಆಗುತ್ತದೆ. 1975ರ ಗುಡ್ ಕಂಪನಿ ಹಾಡಿನಲ್ಲಿ ಜಾಸ್ ತಂಡದ ತುತ್ತೂರಿ, ಕ್ಲಾರಿನೆಟ್‌ಗಳಂತೆ ಕೇಳುವುದೆಲ್ಲ ಮೇ ಅವರ ಗಿಟಾರ್. ಅದಕ್ಕೆ ಬಳಸಿದ್ದು ಎಸಿ30 ಅಲ್ಲ, ತಂಡದ ಬಾಸ್ ವಾದಕ ಜಾನ್ ಡೀಕನ್ ಕಸದಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡಿನಿಂದ ಕಟ್ಟಿದ, ಬ್ಯಾಟರಿಯಲ್ಲಿ ಓಡುವ ಪುಟ್ಟ ಟ್ರಾನ್ಸಿಸ್ಟರ್ ಆಂಪ್. ಡೀಕಿ ಆಂಪ್ ಎಂದು ಅದಕ್ಕೆ ಹೆಸರಾಯಿತು. ಅದರ ದನಿ ಕಿರಿದು, ನಡುವಿನ ದನಿ ಮಾತ್ರ ತುಂಬಿರುವಂಥದ್ದು. ಹಾಗಾಗಿ ಎಷ್ಟು ಪದರ ಹಾಕಿದರೂ ಒಂದರ ಕಾಲು ಒಂದು ತುಳಿಯುವುದಿಲ್ಲ.

ನಿಮ್ಮ ಪದರಗಳಿಗೂ ಇದೇ ಚಿಕಿತ್ಸೆ ಮಾಡಿ. ಮುಖ್ಯ ಸಾಲನ್ನು ಬ್ರಿಡ್ಜ್-ನಡುವಿನ ಜೋಡಿಯಲ್ಲಿ ತುಂಬು ದನಿಯಿಂದ ನುಡಿಸಿ. ಮೇಲಿನ ಸಾಲಿಗೆ ಪಿಕಪ್ ಬದಲಿಸಿ, ಕೆಳಗಿನ ಸಾಲಿಗೆ ಟೋನ್ ಗುಂಡಿ ಇಳಿಸಿ. ಎರಡನ್ನೂ ಮಾಡೆಲರ್‌ನ ಸಣ್ಣ ಆಂಪ್ ಒಂದಕ್ಕೆ ಕೊಟ್ಟು ಕೆಳಗಿನ ದಪ್ಪ ದನಿಯನ್ನು ಕತ್ತರಿಸಿ. ಪ್ರತಿ ಪದರದ ನಡುಗು ಬೇರೆಯಾಗಿ ಕೇಳದಂತೆ, ಮುಖ್ಯ ಸಾಲಿನ ನಡುಗನ್ನೇ ಹೆಡ್‌ಫೋನಿನಲ್ಲಿ ಕೇಳುತ್ತಾ ಅದರ ಜೊತೆಗೇ ಬೆರಳಾಡಿಸಿ. ಒಂದು ಪದರ ಹೊಂದದಿದ್ದರೆ ಮಿಕ್ಸ್‌ನಲ್ಲಿ ಅಡಗಿಸಲು ಹೋಗದೆ ಆ ಪದರವನ್ನು ಮತ್ತೆ ನುಡಿಸಿ.